ಚಳಿಗೆ ಹೋದವರು

ಮಹಿಳಾ ಕಾರಾಗೃಹ, ಪುಣೆ
16 ನವೆಂಬರ್ 2023

ಅಂಬಕ್ಕನವರಿಗೆ, ನಿಮ್ಮ ತಮ್ಮನ ಹೆಂಡತಿ ಪಾರವ್ವ ಮಾಡುವ ನಮಸ್ಕಾರ.

ತಮ್ಮನ ಹೆಂಡತಿ ಎಂದು ಬರೆದು ಮತ್ತೊಮ್ಮೆ ಓದಿದೆ. ಬೇರೆ ಏನೆಂದು ಬರೆಯಬೇಕೋ ತಿಳಿಯಲಿಲ್ಲ. ಹೊಡೆದು ಹಾಕಲೂ ಇಲ್ಲ.

ದೀಪಾಲಿ ನಿಮ್ಮ ಕೈ ಹಿಡಿದು ಹೋಗಿ ಇಂದಿಗೆ ಮೂರು ದಿನ. ಆರು ವರ್ಷ ತುಂಬಿದ ಮಕ್ಕಳನ್ನು ಇಲ್ಲಿ ತಾಯಿಯ ಹತ್ತಿರ ಬಿಡುವುದಿಲ್ಲ ಎಂಬುದು ಅವಳು ಹುಟ್ಟಿದ ದಿನವೇ ನನಗೆ ಗೊತ್ತಿತ್ತು. ಪುಣೆಯ ಬಾಲಗೃಹಕ್ಕೆ ಕಳಿಸುತ್ತೀಯೋ, ಸಂಬಂಧಿಕರಿಗೆ ಕೊಡುತ್ತೀಯೋ ಎಂದು ಕೇಳಿದಾಗ ನಿಮ್ಮ ಹೆಸರು ಬರೆಸಿದೆ. ನೀವು ಒಪ್ಪುತ್ತೀರಿ ಎಂದು ನಂಬಿರಲಿಲ್ಲ. ಒಪ್ಪಿದಿರಿ. ಯಾಕೆಂದು ಕೇಳುವುದಿಲ್ಲ.

ಕೆಲವು ಮಾತು ಹೇಳಬೇಕು. ಅವಳು ಕತ್ತಲೆ ಕಂಡವಳಲ್ಲ. ಬ್ಯಾರಕ್ಕಿನಲ್ಲಿ ದೀಪ ಆರಿಸುವುದಿಲ್ಲ. ಮಲಗುವಾಗ ಒಂದು ಸಣ್ಣ ಬಲ್ಬಾದರೂ ಇರಲಿ. ಮುಚ್ಚಿದ ಬಾಗಿಲ ಮುಂದೆ ನಿಂತುಬಿಡುತ್ತಾಳೆ, ಯಾರಾದರೂ ಬಂದು ತೆರೆಯಲಿ ಎಂದು ಕಾಯುತ್ತಾಳೆ. ಬಾಗಿಲನ್ನು ತಾನೇ ತೆರೆಯಬಹುದು ಎಂದು ಅವಳಿಗೆ ಗೊತ್ತಿಲ್ಲ. ಅದಕ್ಕೆ ಬೈಯಬೇಡಿ. ಗಂಡಸರು ಜೋರಾಗಿ ಮಾತಾಡಿದರೆ ಹೆದರುತ್ತಾಳೆ, ನಿಮ್ಮ ಮನೆಯವರು ಸಿದ್ದಾರೂಢಣ್ಣನವರಿಗೆ ಹೇಳಿರಿ. ಕನ್ನಡ ತಿಳಿಯುತ್ತದೆ, ಆಡಲು ಬಾರದು. ಇಲ್ಲಿ ಎಲ್ಲರೂ ಮರಾಠಿ. ನನ್ನನ್ನೂ ಅವ್ವ ಎನ್ನದೆ ಆಯಿ ಎಂದೇ ಕರೆಯುತ್ತಾಳೆ, ಕಾವಲಿನ ಹೆಂಗಸರನ್ನು ಮರಾಠಿಯವರ ಹಾಗೆ ಬಾಯಿ ಎನ್ನುತ್ತಾಳೆ. ಇದು ಜೈಲು ಎಂದು ನಾನು ಹೇಳಿಲ್ಲ. ಎಲ್ಲರ ಮನೆಯೂ ಹೀಗೇ ಇರುತ್ತದೆ ಎಂದುಕೊಂಡಿದ್ದಾಳೆ.

ಚಳಿಗೆ ಅವಳ ಎದೆ ಬೇಗ ಕಟ್ಟುತ್ತದೆ. ಬೆಳಗಿನ ಹೊತ್ತು ಹೊರಗೆ ಬಿಡಬೇಡಿ.

ಸಹಿ ಮಾಡುವಾಗ ನೀವು ಒಪ್ಪಿದ ಹಾಗೆ ತಿಂಗಳಿಗೊಮ್ಮೆ ಭೇಟಿಗೆ ಕರೆತನ್ನಿ. ಸಿದ್ದಾರೂಢಣ್ಣ ಉಳ್ಳಾಗಡ್ಡಿ ಹಾಕಲು ಮಾರ್ಕೆಟ್ ಯಾರ್ಡಿಗೆ ಬರುತ್ತಾರಲ್ಲ, ಅದೇ ಗಾಡಿಯಲ್ಲಿ ಬಂದರೂ ಆದೀತು.

ಪಾರವ್ವ


ಹಿವರೇವಸ್ತಿ, ಬಾರಾಮತಿ ತಾಲೂಕು
23 ನವೆಂಬರ್ 2023

ಪಾರವ್ವನಿಗೆ,

ನಿನ್ನ ಪತ್ರ ಮುಟ್ಟಿತು. ಹುಡುಗಿ ಉಣ್ಣುತ್ತಾಳೆ, ಮಲಗುತ್ತಾಳೆ. ಬಲ್ಬು ಹಾಕಿಸಿದ್ದೇನೆ.

ಸಂಜೆ ಐದಾಯಿತು ಎಂದರೆ ಅಂಗಳಕ್ಕೆ ಬಂದು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಾಳೆ. ಮೊದಲ ದಿನ ನಮ್ಮ ಮನೆಯವರು ನಕ್ಕರು. "ಯಾಕ ನಿಂತೀ ಮಗಾ?" ಎಂದು ಕೇಳಿದರು. ಎಣಿಸಲು ಬರುವ ಬಾಯಿ ಇನ್ನೂ ಬಂದಿಲ್ಲ ಎಂದಳು. ಅವರು ಆಮೇಲೆ ನಗಲಿಲ್ಲ. ಈಗ ದಿನಾ ಐದಕ್ಕೆ ಅವರೇ ಹೋಗಿ ಅವಳ ತಲೆ ಮುಟ್ಟಿ "ಒಂದು" ಎಂದು ಹೇಳಿ ಬರುತ್ತಾರೆ. ಹಾಗೆ ಹೇಳಿದ ಮೇಲೇ ಒಳಗೆ ಬರುತ್ತಾಳೆ.

ಚಳಿಯ ಭಯ ನಿನಗೆ ಬೇಡ. ಈ ವರ್ಷ ಚಳಿಯೇ ಇಲ್ಲ. ಕಾರ್ತಿಕ ನಡೆದಿದೆ, ಮಧ್ಯಾಹ್ನ ಬೇಸಿಗೆಯ ಹಾಗೆ ಬೆವರು ಸುರಿಯುತ್ತದೆ. ಸೆಖೆಗೆ ತಡೆಯದೆ ಕುರಿಗಳ ಉಣ್ಣೆಯನ್ನೂ ಬೇಗ ಕತ್ತರಿಸಿದ್ದೇವೆ.

ಜೈಲಿನಿಂದ ಫೋನು ಮಾಡಲು ನನ್ನ ನಂಬರು ಕೊಡಿ ಎಂದು ಅಲ್ಲಿಯ ಬಾಯಿ ಕೇಳಿದ್ದರು. ನಾನು ಕೊಡಲಿಲ್ಲ. ನಿನ್ನ ದನಿ ಕೇಳುವುದು ನನ್ನಿಂದ ಆಗದು. ಕಬ್ಬು ಕಡಿಯುವ ಕೊಯ್ತಾ ಕೈಯಲ್ಲಿ ಹಿಡಿದು ಗುಡಿಸಲ ಬಾಗಿಲಲ್ಲಿ ನಿಂತು "ಅಕ್ಕಾ, ಒಳಗ ಹೋಗಬ್ಯಾಡ್ರಿ" ಎಂದೆಯಲ್ಲ, ಆ ದನಿ ಆರು ವರ್ಷದಿಂದ ಕಿವಿ ಬಿಟ್ಟು ಹೋಗಿಲ್ಲ. ಒಳಗೆ ಅಮರ ಬಿದ್ದಿದ್ದ. ನಮ್ಮ ಅವ್ವ ಹೋದಾಗ ಅವನಿಗೆ ಎರಡು ವರ್ಷ, ನನಗೆ ಹನ್ನೆರಡು. ಅವನನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಳೆಸಿದವಳು ನಾನು.

ಯಾಕೆ ಒಪ್ಪಿದೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅವಳು ಅಮರನ ಮಗಳು. ಅಷ್ಟೇ. ನಿನಗಾಗಿ ಏನೂ ಮಾಡಿಲ್ಲ.

ಅಂಬಾ


ಹಿವರೇವಸ್ತಿ
1 ಡಿಸೆಂಬರ್ 2023

ಪಾರವ್ವನಿಗೆ,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ಈ ತಿಂಗಳು ಭೇಟಿಗೆ ಬರಲಾಗುವುದಿಲ್ಲ.

ಭಾನುವಾರ ಬೆಳಿಗ್ಗೆ ಚೆನ್ನಾಗಿ ಬಿಸಿಲಿತ್ತು. ಮಧ್ಯಾಹ್ನ ಮೂರಕ್ಕೆ ಕಪ್ಪಾಗಿ ಮೋಡ ಎದ್ದಿತು, ಗಾಳಿ ಬೀಸಿತು, ಆಲಿಕಲ್ಲು ಬಿತ್ತು. ಹಂಚಿನ ಮೇಲೆ ಯಾರೋ ಗೋಲಿ ಸುರಿದ ಹಾಗೆ ಸದ್ದು. ಅದು ನಿಂತಿತು ಎನ್ನುವಷ್ಟರಲ್ಲಿ ಮಳೆ ಹಿಡಿಯಿತು, ಮರುದಿನದ ತನಕ ಬಿಡಲಿಲ್ಲ. ಮಳೆಯ ಜೊತೆಗೆ ಚಳಿ. ಹಿಂದಿನ ದಿನದವರೆಗೆ ಬೆವರುತ್ತಿದ್ದವರು ಕಂಬಳಿ ಹೊದ್ದು ಹಲ್ಲು ಕಡಿಯುವ ಹಾಗಾಯಿತು. ಕುರಿಗಳು ಬಯಲಿನ ಹಟ್ಟಿಯಲ್ಲಿದ್ದವು. ಮೈಮೇಲೆ ಉಣ್ಣೆ ಇಲ್ಲ. ಬೆಳಿಗ್ಗೆ ನೋಡಿದರೆ ಮೂವತ್ತೊಂದರಲ್ಲಿ ಹದಿನಾಲ್ಕು ಕುರಿ ಕಾಲು ಚಾಚಿದ್ದವು. ಉಳಿದವು ಅವುಗಳ ಮೈಗೆ ಒತ್ತಿಕೊಂಡು ನಿಂತಿದ್ದವು. ಯಾರಿಗೆ ಗೊತ್ತಿತ್ತು ಹೀಗಾಗುತ್ತದೆ ಎಂದು! ಉಣ್ಣೆ ಕತ್ತರಿಸಿದ ಕತ್ತರಿಯನ್ನು ನಮ್ಮ ಮನೆಯವರು ಬಾವಿಗೆ ಎಸೆದರು.

ದೀಪಾಲಿ ಮಳೆಯಲ್ಲಿ ನಿಂತಿದ್ದಳು. ಕರೆದರೂ ಬರಲಿಲ್ಲ. ಮುಖ ಮೇಲೆ ಮಾಡಿ, ಬಾಯಿ ತೆರೆದು ನಿಂತಿದ್ದಳು. ಅಲ್ಲಿ ಮಳೆ ಬಂದ ಕೂಡಲೇ ಎಲ್ಲರನ್ನೂ ಒಳಗೆ ಹಾಕಿ ಬೀಗ ಹಾಕುತ್ತಿದ್ದರಂತೆ. ಮಳೆ ಹೀಗೆ ತಣ್ಣಗೆ ಇರುತ್ತದೆ ಎಂದು ಗೊತ್ತಿರಲಿಲ್ಲ ಎಂದಳು.

ಸತ್ತ ಕುರಿಗಳನ್ನು ಎಳೆದು ಸಾಲಾಗಿ ಹಾಕಿದ್ದೆವು. ಅವುಗಳ ಹತ್ತಿರ ಹೋಗಿ ಕುಳಿತು ನನ್ನನ್ನು ಕೇಳಿದಳು: "ಹ್ಯಾಂಚೀ ಸುಟಕಾ ಝಾಲೀ ಕಾ?" ಇವುಗಳಿಗೆ ಬಿಡುಗಡೆ ಆಯಿತೇ ಎಂದು.

ವಸ್ತಿಯಿಂದ ಡಾಂಬರು ರಸ್ತೆಗೆ ಹೋಗುವ ದಾರಿ ಕೊಚ್ಚಿಹೋಗಿದೆ.

ಅಂಬಾ


ಮಹಿಳಾ ಕಾರಾಗೃಹ, ಪುಣೆ
14 ಡಿಸೆಂಬರ್ 2023

ಅಂಬಕ್ಕನವರಿಗೆ ನಮಸ್ಕಾರ.

ನಿಮ್ಮ ಎರಡೂ ಪತ್ರ ನಿನ್ನೆ ಒಟ್ಟಿಗೇ ಕೈಗೆ ಬಂದವು. ಪತ್ರಗಳನ್ನು ಇಲ್ಲಿ ಓದಿಯೇ ಕೊಡುತ್ತಾರೆ, ಕನ್ನಡ ಓದಬಲ್ಲವರು ಆಫೀಸಿನಲ್ಲಿ ಒಬ್ಬರೇ. ಅವರು ರಜೆ ಹೋಗಿದ್ದರು. ಅದು ತಿಳಿಯದೆ ಒಂಬತ್ತನೇ ತಾರೀಖು ಶನಿವಾರ ತಲೆ ಬಾಚಿಕೊಂಡು ಭೇಟಿಯ ಕೋಣೆಯ ಹೊರಗೆ ಬೆಳಿಗ್ಗೆಯಿಂದ ಕುಳಿತಿದ್ದೆ. ಎಲ್ಲರ ಹೆಸರು ಕೂಗಿದರು.

ಎದೆ ಕಟ್ಟುತ್ತದೆ ಎಂದು ಬರೆದಿದ್ದೆ. ನೀವು ಅವಳನ್ನು ಮಳೆಯಲ್ಲಿ ನಿಲ್ಲಲು ಬಿಟ್ಟಿರಿ. ಬಾಯಿ ತೆರೆದು ನಿಂತಿದ್ದಳು ಎಂದು ಬರೆಯುತ್ತೀರಿ, ಎತ್ತಿಕೊಂಡು ಬರಲು ಕೈ ಇರಲಿಲ್ಲವೇ? ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಬೇಡಿರಿ. ಸತ್ತ ಪ್ರಾಣಿಗಳ ಹತ್ತಿರ ಕೂರಿಸಬೇಡಿರಿ.

ಕಠಿಣವಾಗಿ ಬರೆದೆ, ತಪ್ಪಾಗಿದ್ದರೆ ಮನ್ನಿಸಿ. ಒಂದು ಒಳ್ಳೆಯ ಸುದ್ದಿಯೂ ಇದೆ. ಹೈಕೋರ್ಟಿನಲ್ಲಿರುವ ನನ್ನ ಅಪೀಲು ಈ ಚಳಿಗಾಲ ಮುಗಿಯುವುದರೊಳಗೆ ವಿಚಾರಣೆಗೆ ಬರುತ್ತದಂತೆ. ಜನ್ಮಠೇಪೆ, ಅಂದರೆ ಜೀವಾವಧಿ ಶಿಕ್ಷೆ, ಇಳಿಯಬಹುದು, ಎರಡು ವರ್ಷದಲ್ಲಿ ಹೊರಗೆ ಬಂದರೂ ಬಂದೆ ಎನ್ನುತ್ತಾರೆ ವಕೀಲ ಬಾಯಿಯವರು. ಬಂದರೆ ದೀಪಾಲಿಯನ್ನು ಕರೆದುಕೊಂಡು ಯಾರಿಗೂ ಗೊತ್ತಿಲ್ಲದ ಊರಿಗೆ ಹೋಗಿಬಿಡುತ್ತೇನೆ. ನಿಮಗೆ ಈ ಭಾರ ಹೆಚ್ಚು ದಿನ ಇಲ್ಲ, ಧೈರ್ಯವಾಗಿರಿ.

ಪಾರವ್ವ


ಹಿವರೇವಸ್ತಿ
24 ಡಿಸೆಂಬರ್ 2023

ಪಾರವ್ವನಿಗೆ,

ಭಾರ ಎಂದು ನಾನು ಯಾವ ಪತ್ರದಲ್ಲಿ ಬರೆದಿದ್ದೆ?

ಇಲ್ಲಿ ಹವೆಗೆ ತಲೆ ಕೆಟ್ಟಿದೆ. ಎರಡು ದಿನ ಕೈ ಮರಗಟ್ಟುವ ಚಳಿ, ಮೂರನೇ ದಿನ ಮೋಡ ಕವಿದು ಸೆಖೆ, ನಾಲ್ಕನೇ ದಿನ ಎದುರಿನ ಬೇವಿನ ಮರ ಕಾಣದಷ್ಟು ಮಂಜು. ಜೋಳದ ತೆನೆಗೆ ಹೇನು ಬಿದ್ದಿದೆ. ಪಕ್ಕದ ಮನೆಯ ಮುದುಕ ಈರಬಸಪ್ಪ ಹೋದ ವಾರ ಕೆಮ್ಮಿ ಕೆಮ್ಮಿ ತೀರಿಕೊಂಡ. ವಸ್ತಿಯಲ್ಲಿ ಕೆಮ್ಮದ ಮನೆ ಇಲ್ಲ. ಇಂಥದರಲ್ಲಿ ಹುಡುಗಿಯನ್ನು ಎರಡು ಬಸ್ಸು ಬದಲಿಸಿ ಪುಣೆಗೆ ತರುವುದು ಹೇಗೆ? ಜನವರಿಯಲ್ಲಿ ನೋಡೋಣ.

ಶಾಲೆಗೆ ಹೆಸರು ಹಚ್ಚಿದ್ದೇವೆ. ಕನ್ನಡ ಆಡುತ್ತಾಳೆ ಈಗ. "ಅತ್ತೀ, ಬುತ್ತಿ ಕಟ್ಟು, ಹೊತ್ತಾತು" ಎಂದು ನನ್ನನ್ನೇ ಗದರಿಸುತ್ತಾಳೆ. ಬಾಗಿಲು ತೆರೆಯಲು ಕಲಿತಿದ್ದಾಳೆ. ಕಲಿತ ದಿನ ಇಡೀ ಮನೆಯ ಬಾಗಿಲುಗಳನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಧ್ಯಾಹ್ನ ಮಾಡಿದಳು. ಸಂಜೆ ಎಣಿಕೆಗೆ ನಿಲ್ಲುವುದು ತಾನಾಗಿಯೇ ಬಿಟ್ಟುಹೋಗಿದೆ. ನಗುವಾಗ ಎಡಗಣ್ಣು ಸಣ್ಣದಾಗುತ್ತದೆ, ಥೇಟ್ ಅಮರನ ಹಾಗೆ.

ನನಗೆ ಮಕ್ಕಳಾಗಲಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಇಪ್ಪತ್ತೆರಡು ವರ್ಷದಿಂದ ಈ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಎದುರು ಬದುರು ಕುಳಿತು ಉಂಡಿದ್ದೇವೆ.

ಯಾರಿಗೂ ಗೊತ್ತಿಲ್ಲದ ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದೀ. ಹೋಗು. ಅಲ್ಲಿ ಅವಳು ದೊಡ್ಡವಳಾಗಿ "ಅಪ್ಪ ಹೆಂಗ ಸತ್ತ?" ಎಂದು ಕೇಳಿದರೆ ಏನು ಹೇಳುತ್ತೀ?

ಅಂಬಾ


ಮಹಿಳಾ ಕಾರಾಗೃಹ, ಪುಣೆ
3 ಜನವರಿ 2024

ಅಂಬಕ್ಕನವರಿಗೆ,

ಏನು ಹೇಳುತ್ತೀ ಎಂದು ಕೇಳಿದ್ದೀರಿ. ನಡೆದದ್ದನ್ನೇ ಹೇಳುತ್ತೇನೆ. ನಿಮಗೂ ಹೇಳುತ್ತೇನೆ, ನೀವು ಮರೆತಿರಬಹುದು. ಆಫೀಸಿನವರು ಓದಿದರೆ ಓದಲಿ.

ಕಬ್ಬು ಕಡಿಯಲು ಹೋಗಿದ್ದಾಗ ನಿಮ್ಮ ಗುಡಿಸಲಿಗೂ ನಮ್ಮ ಗುಡಿಸಲಿಗೂ ನಡುವೆ ಇದ್ದದ್ದು ಕಬ್ಬಿನ ರವದಿಯ ಗೋಡೆ, ಬರೀ ಒಣ ಗರಿ. ಆಚೆ ನೀವು ಮಗ್ಗಲು ಬದಲಿಸಿದರೆ ಈಚೆ ಕೇಳುತ್ತಿತ್ತು. ಹಾಗಿದ್ದರೆ ಈಚೆ ಅಮರ ನನ್ನ ತಲೆಯನ್ನು ಒರಳಿಗೆ ಬಡಿದದ್ದು ಆಚೆ ಕೇಳಲಿಲ್ಲವೇ? ಮೂರು ಸಲ ನಿಮ್ಮ ಹತ್ತಿರ ಓಡಿ ಬಂದೆ. ಮೂರು ಸಲವೂ ಗಾಯಕ್ಕೆ ಅರಿಸಿನ ಹಚ್ಚಿ "ಸಿಟ್ಟು ಇಳದಿರ್ತದ, ಹೋಗು" ಎಂದು ತಿರುಗಿ ಕಳಿಸಿದಿರಿ. ಕೊನೆಯ ಸಲ ಕಳಿಸುವಾಗ ನನಗೆ ಎರಡು ತಿಂಗಳಾಗಿತ್ತು. ಅದನ್ನೂ ನಿಮಗೆ ಹೇಳಿದ್ದೆ. ಅವನು ಹೊಟ್ಟೆಗೆ ಒದೆಯಲು ಕಾಲು ಎತ್ತಿದಾಗ ನನ್ನ ಕೈಗೆ ಸಿಕ್ಕಿದ್ದು ಕೊಯ್ತಾ.

ಕೋರ್ಟಿನಲ್ಲಿ ನೀವು ದೇವರ ಮೇಲೆ ಪ್ರಮಾಣ ಮಾಡಿ "ನನ್ನ ತಮ್ಮ ಆಕಿ ಮ್ಯಾಲೆ ಎಂದೂ ಕೈ ಎತ್ತಿಲ್ರಿ" ಎಂದಿರಿ. ಆ ಒಂದು ಮಾತಿಗೆ ನನಗೆ ಜನ್ಮಠೇಪೆ ಆಯಿತು. ಆಗ ನಾನು ಏನೂ ಅನ್ನಲಿಲ್ಲ. ತಮ್ಮನ ಹೆಣ ಕಂಡವಳು, ಆಡಲಿ ಎಂದುಕೊಂಡೆ.

ಈಗ ಕೇಳುತ್ತಿದ್ದೇನೆ. ಅವನು ಹೊಡೆಯುತ್ತಿದ್ದದ್ದು ನಿಜ ಎಂದು ನೀವು ಬರೆದುಕೊಟ್ಟರೆ ಕೇಸಿನ ದಿಕ್ಕೇ ಬದಲಾಗುತ್ತದೆ ಎಂದು ವಕೀಲರು ಹೇಳುತ್ತಾರೆ. ಅವರು ಕಾಗದ ತೆಗೆದುಕೊಂಡು ನಿಮ್ಮಲ್ಲಿಗೆ ಬರುತ್ತಾರೆ. ಸಹಿ ಮಾಡಿರಿ. ನನಗಾಗಿ ಬೇಡ, ಮಗು ತಾಯಿಯನ್ನು ಸೇರಲಿ ಎಂದು ಮಾಡಿರಿ.

ಜನವರಿಯ ಭೇಟಿ ತಪ್ಪಿಸಬೇಡಿ.

ಪಾರವ್ವ


ಬಾರಾಮತಿ
13 ಜನವರಿ 2024

ಪಾರವ್ವ,

ದವಾಖಾನೆಯಿಂದ ಬರೆಯುತ್ತಿದ್ದೇನೆ. ಮಂಗಳವಾರ ಮತ್ತೆ ಮಳೆಯಾಯಿತು, ಬುಧವಾರ ತಡೆಯಲಾರದ ಚಳಿ. ದೀಪಾಲಿಗೆ ಜ್ವರ ಏರಿತು, ಉಸಿರಾಡುವಾಗ ಪಕ್ಕೆ ಒಳಗೆ ಹೋಗುತ್ತಿತ್ತು. ಮೋಟರ್ ಸೈಕಲ್ ಮೇಲೆ ನಡುವೆ ಕೂರಿಸಿಕೊಂಡು ಮಂಜಿನಲ್ಲಿ ಬಂದೆವು. ನ್ಯುಮೋನಿಯಾ ಎನ್ನುತ್ತಾರೆ. ಮೂಗಿಗೆ ನಳಿಕೆ ಹಾಕಿದ್ದಾರೆ.

ಮತ್ತೆ ಬರೆಯುತ್ತೇನೆ.

ಅಂಬಾ


ಮಹಿಳಾ ಕಾರಾಗೃಹ, ಪುಣೆ
19 ಜನವರಿ 2024

ಅಕ್ಕಾ, ನಿಮ್ಮ ಕಾಲು ಹಿಡಿಯುತ್ತೇನೆ.

ಹೋದ ಪತ್ರದಲ್ಲಿ ಬರೆದದ್ದನ್ನೆಲ್ಲ ಮರೆತುಬಿಡಿ. ನನಗೆ ಯಾವ ಸಹಿಯೂ ಬೇಡ. ವಕೀಲರಿಗೆ ನಿಮ್ಮಲ್ಲಿಗೆ ಹೋಗಬೇಡಿ ಎಂದು ಹೇಳಿದ್ದೇನೆ. ಅಮರನ ಬಗ್ಗೆ ಇನ್ನೊಂದು ಮಾತು ಎತ್ತುವುದಿಲ್ಲ. ಅವಳನ್ನು ಉಳಿಸಿಕೊಡಿ. ಎರಡು ವರ್ಷದ ಮಾತೂ ಬೇಡ. ನಿಮ್ಮ ಹತ್ತಿರವೇ ಬೆಳೆಯಲಿ, ನಿಮ್ಮನ್ನೇ ತಾಯಿ ಎನ್ನಲಿ, ಬದುಕಿದ್ದರೆ ಸಾಕು.

ಒಂದು ಸಾಲು ಬರೆಯಿರಿ. ಬಾಯಿಯರ ಕೈಕಾಲು ಹಿಡಿದು ಪತ್ರ ಬಂದ ದಿನವೇ ಕೊಡಲು ಒಪ್ಪಿಸಿದ್ದೇನೆ.

ಪಾರವ್ವ


ಹಿವರೇವಸ್ತಿ
22 ಜನವರಿ 2024

ಪಾರವ್ವನಿಗೆ,

ದೀಪಾಲಿ ಹೋದಳು.

ಶನಿವಾರ ಬೆಳಿಗ್ಗೆ, ಹೊತ್ತು ಏರುವ ಮೊದಲು. ಭಾಳ ಕಷ್ಟಪಡಲಿಲ್ಲ. ಈ ಚಳಿ ಕುರಿಗಳನ್ನು ಒಯ್ದಿತು, ಈರಬಸಪ್ಪನನ್ನು ಒಯ್ದಿತು, ಅವಳನ್ನೂ ಒಯ್ದಿತು. ಹೊಲದ ಬದುವಿನಲ್ಲಿ ಅಮರನ ಪಕ್ಕದಲ್ಲೇ ಮಣ್ಣು ಕೊಟ್ಟೆವು.

ಇನ್ನು ನನಗೆ ಬರೆಯಬೇಡ. ನಿನಗೂ ನನಗೂ ನಡುವೆ ಇದ್ದದ್ದು ಅವಳೊಬ್ಬಳೇ.

ಅಂಬಾ


ಮಹಿಳಾ ಕಾರಾಗೃಹ, ಪುಣೆ
2 ಫೆಬ್ರವರಿ 2024

ಅಕ್ಕಾ,

ಬರೆಯಬೇಡ ಎಂದಿದ್ದೀರಿ. ಇದೊಂದು ಪತ್ರ, ಮುಗಿಯಿತು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಮಂಜಿನಲ್ಲಿ ಅವಳನ್ನು ನಡುವೆ ಕೂರಿಸಿಕೊಂಡು ಹೋದಿರಿ. ದವಾಖಾನೆಯಲ್ಲಿ ಹತ್ತಿರ ಕುಳಿತಿರಿ. ನಿಮ್ಮ ತಮ್ಮನನ್ನು ಕೊಂದವಳ ಮಗುವಿಗೆ ಇಷ್ಟು ಯಾರು ಮಾಡುತ್ತಾರೆ? ಮಳೆಯಲ್ಲಿ ನಿಲ್ಲಿಸಿದಿರಿ ಎಂದು ನಿಮ್ಮನ್ನು ಬೈದಿದ್ದೆ. ಈಗ ಅನ್ನಿಸುತ್ತದೆ, ಅಷ್ಟಾದರೂ ಕಂಡಳಲ್ಲ. ಬಾಯಿ ತೆರೆದು ಮಳೆ ಕುಡಿದಳಲ್ಲ. ನನ್ನ ಹತ್ತಿರ ಇದ್ದಿದ್ದರೆ ಅದೂ ಇರುತ್ತಿರಲಿಲ್ಲ. ನಿಮ್ಮ ಆ ಪತ್ರವನ್ನು ದಿನಾ ಓದುತ್ತೇನೆ.

ಮೊದಲ ನಾಲ್ಕು ದಿನ ನನ್ನನ್ನು ಒಬ್ಬಳನ್ನೇ ಬಿಡಲಿಲ್ಲ. ಇಬ್ಬರು ಬಾಯಿಯರು ಸರದಿಯ ಮೇಲೆ ಹತ್ತಿರ ಕುಳಿತಿರುತ್ತಿದ್ದರು. ಸೀರೆಯ ಸೆರಗನ್ನೂ ಕೈಯಿಂದ ಬಿಡಿಸಿದರು. ಈಗ ಪರವಾಗಿಲ್ಲ.

ಅಪೀಲು ಬೇಡ ಎಂದು ಬರೆದುಕೊಟ್ಟೆ. ವಕೀಲ ಬಾಯಿಯವರು ತುಂಬಾ ಹೇಳಿದರು, ಒಮ್ಮೆ ತೆಗೆದರೆ ಮತ್ತೆ ಎಬ್ಬಿಸುವುದು ಕಷ್ಟ ಎಂದರು. ಹೊರಗೆ ಬಂದು ನಾನು ಯಾರ ಮನೆಗೆ ಹೋಗಲಿ? ಕೋರ್ಟೂ ಒಪ್ಪಿತು ಎಂದು ಮೊನ್ನೆ ಕಾಗದ ಬಂತು.

ಒಂದೇ ಆಸೆ. ಅವಳ ಗುಂಡಿಯ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬರುತ್ತೇನೆ ಎಂದು ಪೆರೋಲು ಕೇಳಿದ್ದೇನೆ. ಒಂದು ದಿನ ಬಿಟ್ಟರೂ ಸಾಕು. ವಿಚಾರಿಸಲು ಅಲ್ಲಿಯ ಪೊಲೀಸರನ್ನು ನಿಮ್ಮ ಮನೆಗೆ ಕಳಿಸುತ್ತಾರಂತೆ. ತೊಂದರೆ ಎಂದುಕೊಳ್ಳಬೇಡಿ. ದವಾಖಾನೆಯ ಕಾಗದ ತೋರಿಸಿಬಿಡಿ.

ಪಾರವ್ವ


ಹಿವರೇವಸ್ತಿ
10 ಫೆಬ್ರವರಿ 2024

ತಂಗೀ ಪಾರವ್ವ,

ದೀಪಾಲಿ ಇದ್ದಾಳೆ.

ಈ ಪತ್ರ ಮುಟ್ಟುವ ಮೊದಲೇ ನಿನಗೆ ಗೊತ್ತಾಗಿರುತ್ತದೆ. ಗುರುವಾರ ಪೊಲೀಸರು ಬಂದರು. ಬಾಗಿಲು ತೆರೆದವಳು ಅವಳೇ. "ದೀಪಾಲಿ ಅಮರ ಎಂಬ ಹುಡುಗಿ ಸತ್ತದ್ದು ಯಾವತ್ತು?" ಎಂದು ಅವರು ಕೇಳಿದರು. ಅವಳು ನನ್ನ ಮುಖ ನೋಡಿದಳು. "ನಾನಽ ದೀಪಾಲಿ" ಎಂದಳು. ನಮ್ಮ ಮನೆಯವರಿಗೆ ನಾನು ಏನು ಬರೆದಿದ್ದೇನೆ ಎಂದು ಆಗಲೇ ತಿಳಿದದ್ದು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ತಾವೇ ರೊಟ್ಟಿ ಬಡಿದು ಅವಳಿಗೂ ಹಾಕಿ ತಾವೂ ತಿನ್ನುತ್ತಾರೆ.

ಹೇಗೆ ಬರೆದೆ ಎಂದು ಹೇಳುತ್ತೇನೆ, ಸುಳ್ಳಿಲ್ಲದೆ. ದವಾಖಾನೆಯಲ್ಲಿ ಐದನೇ ದಿನ ಕಣ್ಣು ತೆರೆದಳು. ನನ್ನ ಬೆರಳು ಹಿಡಿದು "ಅವ್ವಾ, ನೀರು" ಎಂದಳು. ಅದುವರೆಗೆ ಅತ್ತಿ ಎನ್ನುತ್ತಿದ್ದವಳು. ಆ ಮಾತು ಕೇಳಲು ನಾನು ಇಪ್ಪತ್ತೆರಡು ವರ್ಷ ಎಷ್ಟು ಗುಡಿ ಸುತ್ತಿದ್ದೇನೆ ನಿನಗೆ ಗೊತ್ತಿಲ್ಲ. ಶಾಲೆಯಲ್ಲಿ ತಾಯಿ ಎಂದು ನನ್ನ ಹೆಸರನ್ನೇ ಬರೆಸಿದ್ದೆ, ಅದನ್ನೂ ನಿನಗೆ ಮುಚ್ಚಿಟ್ಟಿದ್ದೆ. ಮನೆಗೆ ಕರೆತಂದ ದಿನ ಸಹಿ ಕೇಳಿದ ನಿನ್ನ ಪತ್ರವನ್ನು ಮತ್ತೆ ತೆಗೆದು ಓದಿದೆ. ಸಹಿ ಮಾಡಿದರೆ ನೀನು ಬಂದು ಅವಳನ್ನು ಒಯ್ಯುತ್ತೀ. ಮಾಡದಿದ್ದರೆ ಪತ್ರದ ಮೇಲೆ ಪತ್ರ ಬರೆಯುತ್ತೀ. ಸತ್ತಳು ಎಂದರೆ ಎಲ್ಲವೂ ನಿಲ್ಲುತ್ತದೆ ಎಂದು ತೋಚಿತು. ಚಳಿಗೆ ಎಷ್ಟೋ ಜೀವ ಹೋಗಿದ್ದವು, ಇನ್ನೊಂದು ಹೆಸರು ಸೇರಿಸಿದರೆ ಯಾರೂ ಏನೂ ಕೇಳುವುದಿಲ್ಲ ಎಂದುಕೊಂಡೆ. ಬರೆಯುವಾಗ ಕೈ ನಡುಗಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ.

ನಿಮ್ಮನ್ನೇ ತಾಯಿ ಎನ್ನಲಿ ಎಂದು ಬರೆದಿದ್ದೆಯಲ್ಲ, ಆ ಪತ್ರ ನಾನು ಸುಳ್ಳು ಬರೆದು ಡಬ್ಬಿಗೆ ಹಾಕಿದ ಮೂರನೇ ದಿನ ಬಂತು. ಮೂರು ದಿನ ಮೊದಲು ಬಂದಿದ್ದರೆ!

ಆಗಲೇ ಇನ್ನೊಂದು ಪತ್ರ ಬರೆದು ನಿಜ ಹೇಳಬಹುದಿತ್ತು. ನಾಳೆ ಬರೆಯೋಣ ಎಂದು ದಿನಾ ಅಂದುಕೊಂಡೆ. ಅಷ್ಟರಲ್ಲಿ ನೀನು ಅಪೀಲು ಬಿಟ್ಟೆ.

ಅಮರ ನಿನ್ನನ್ನು ಹೊಡೆಯುತ್ತಿದ್ದ. ನನಗೆ ಎಲ್ಲವೂ ಕೇಳುತ್ತಿತ್ತು. ತಲೆಯ ಮೇಲೆ ಚಾದರ ಎಳೆದುಕೊಳ್ಳುತ್ತಿದ್ದೆ. ಯಾವ ಕೋರ್ಟಿಗಾದರೂ ಬಂದು ಹೇಳುತ್ತೇನೆ. ಅವಳನ್ನು ಮಾತ್ರ ಇಲ್ಲೇ ಬಿಡು. ಇನ್ನೂ ಮೆತ್ತಗಾಗಿದ್ದಾಳೆ, ಅಂಗಳ ದಾಟಿದರೆ ಉಸಿರು ಕಟ್ಟುತ್ತದೆ.

ಅಂಬಾ


ಮಹಿಳಾ ಕಾರಾಗೃಹ, ಪುಣೆ
24 ಫೆಬ್ರವರಿ 2024

ಅಂಬಾ,

ಹದಿನಾಲ್ಕು ದಿನ ನನ್ನ ಮಗಳು ಮಣ್ಣಿನಲ್ಲಿದ್ದಾಳೆ ಎಂದು ತಿಳಿದು ಬದುಕಿದೆ. ಹದಿನಾಲ್ಕು ದಿನ ಅಂದರೆ ಏನೆಂದು ನಿನಗೆ ತಿಳಿಯಲಿ.

ಅಪೀಲು ಮತ್ತೆ ಎದ್ದೇಳುವುದಿಲ್ಲ ಎಂದು ವಕೀಲರು ಹೇಳಿದರು. ಪ್ರಯತ್ನ ಮಾಡುತ್ತಾರಂತೆ. ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ನೀನು ಈಗ ಹೇಳುವ ಸತ್ಯ ನನಗೆ ಬೇಡ. ಬೇಕಾದಾಗ ಕೊಡಲಿಲ್ಲ.

ಮಕ್ಕಳ ಕಮಿಟಿಯವರಿಗೆ ಅರ್ಜಿ ಕೊಟ್ಟಿದ್ದೇನೆ. ಅವರು ಬಂದು ದೀಪಾಲಿಯನ್ನು ಪುಣೆಯ ಬಾಲಗೃಹಕ್ಕೆ ಕರೆತರುತ್ತಾರೆ. ಅಲ್ಲಿಂದ ತಿಂಗಳಿಗೊಮ್ಮೆ ತಪ್ಪದೆ ನನ್ನ ಹತ್ತಿರ ಬರುತ್ತಾಳೆ. ಭೇಟಿಗೆ ಯಾರು ಬರಬಾರದು ಎಂದು ಕೇಳಿದರು. ನಿನ್ನ ಹೆಸರು ಬರೆಸಿದೆ.

ಅಲ್ಲಿ ಅವಳು ಸುಖವಾಗಿದ್ದಾಳೆ ಎಂಬುದು ನನಗೆ ಗೊತ್ತು. ಬಾಲಗೃಹದಲ್ಲಿ ಮತ್ತೆ ಸಾಲು, ಮತ್ತೆ ಎಣಿಕೆ ಎಂಬುದೂ ಗೊತ್ತು. ಗೊತ್ತಿದ್ದೇ ಮಾಡುತ್ತಿದ್ದೇನೆ.

ಪಾರವ್ವ


ಹಿವರೇವಸ್ತಿ
8 ಮಾರ್ಚ್ 2024

ತಂಗೀ,

ನಿನ್ನೆ ಒಯ್ದರು. ಮಾರ್ಚ್ ಬಂದರೂ ಬೆಳಗಿನ ಚಳಿ ಹೋಗಿಲ್ಲ. ಇಬ್ಬರು ಹೆಣ್ಣುಮಕ್ಕಳು ಜೀಪಿನಲ್ಲಿ ಬಂದಿದ್ದರು, ಮೃದುವಾಗಿಯೇ ಮಾತಾಡಿದರು.

ಅತ್ತು ಹೊರಳಾಡುತ್ತಾಳೆ, ಬಿಡಿಸಿಕೊಂಡು ಓಡಿ ಬರುತ್ತಾಳೆ ಎಂದು ಎಣಿಸಿದ್ದೆ. ಅಳಲೇ ಇಲ್ಲ. ಅವರನ್ನು ನೋಡಿದ ಕೂಡಲೇ ಗೋಡೆಗೆ ಹೋಗಿ ಬೆನ್ನು ಹಚ್ಚಿ ನಿಂತಳು. ಚೀಲ ಕೊಟ್ಟರೆ ತೆಗೆದುಕೊಂಡಳು. ಜೀಪು ಹತ್ತುವ ಮೊದಲು ನನ್ನ ಕಡೆ ತಿರುಗಿ "ಅವ್ವಾ, ನಾ ಏನ್ ತಪ್ಪ ಮಾಡೀನಿ?" ಎಂದು ಕೇಳಿದಳು. ನಮ್ಮ ಮನೆಯವರು ಹೊಲದ ಕಡೆ ನಡೆದುಹೋದರು.

ಮಧ್ಯಾಹ್ನ ಮೋಡವಾಗಿ ನಾಲ್ಕು ಹನಿ ಬಿತ್ತು. ಎದೆಯ ಔಷಧಿಯನ್ನು ಚೀಲದ ಪಕ್ಕದ ಜೇಬಿನಲ್ಲಿ ಇಟ್ಟಿದ್ದೇನೆ, ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು. ಅಲ್ಲಿಯವರಿಗೆ ಹೇಳಿಸು.

ನನ್ನನ್ನು ಒಳಗೆ ಬಿಡುವುದು ಬೇಡ. ಬಾಲಗೃಹದ ಗೇಟಿನ ಹೊರಗೆ ನಿಂತು ದೂರದಿಂದ ನೋಡಿ ಬರಲು ಒಪ್ಪಿಗೆ ಕೊಡು. ವರ್ಷಕ್ಕೊಮ್ಮೆಯಾದರೂ ಸಾಕು.

ಅಂಬಾ


ಮಹಿಳಾ ಕಾರಾಗೃಹ, ಪುಣೆ
21 ಮಾರ್ಚ್ 2024

ಅಂಬಾ,

ನಿನ್ನೆ ದೀಪಾಲಿಯನ್ನು ಕರೆತಂದಿದ್ದರು. ಮಕ್ಕಳ ಭೇಟಿಗೆ ಇಲ್ಲಿ ಬೇರೆ ಕೋಣೆ ಇದೆ, ನಡುವೆ ಜಾಲರಿ ಇರುವುದಿಲ್ಲ. ನಾನು ಚಾಪೆಯ ಮೇಲೆ ಕುಳಿತು ಕೈ ಚಾಚಿದೆ. ಅವಳು ಬಾಗಿಲ ಹತ್ತಿರವೇ ನಿಂತಳು. ಎತ್ತರವಾಗಿದ್ದಾಳೆ, ಕೂದಲು ದಟ್ಟವಾಗಿದೆ. ನಾಲ್ಕು ತಿಂಗಳ ಹಿಂದೆ ನನ್ನ ಪಕ್ಕದಲ್ಲಿ ಮಲಗುತ್ತಿದ್ದ ಹುಡುಗಿ ನನ್ನನ್ನು ಅಪರಿಚಿತಳನ್ನು ನೋಡುವ ಹಾಗೆ ನೋಡಿದಳು.

"ನಮ್ಮ ಅವ್ವ ಎಲ್ಲಿ?" ಎಂದು ಕೇಳಿದಳು. ಕನ್ನಡದಲ್ಲಿ, ಥೇಟ್ ನಿನ್ನ ರಾಗದಲ್ಲಿ.

"ನಾನಽ ಅಲ್ಲೇನವ್ವಾ ನಿಮ್ಮವ್ವ" ಎಂದೆ.

"ನೀ ಆಯಿ" ಎಂದಳು. "ನಮ್ಮವ್ವ ಯಾವಾಗ ಬರ್ತಾಳ?"

ಅರ್ಧ ಗಂಟೆಯ ಭೇಟಿ. ಅದರಲ್ಲಿ ಹತ್ತು ನಿಮಿಷ ಅದನ್ನೇ ಕೇಳಿದಳು. ತಂದ ಬಿಸ್ಕತ್ತು ಮುಟ್ಟಲಿಲ್ಲ. ಹತ್ತಿರ ಸರಿದರೆ ಗೋಡೆಗೆ ಒತ್ತಿಕೊಂಡಳು. ಇನ್ನು ತಿಂಗಳು ತಿಂಗಳೂ ಬಂದು ಇದನ್ನೇ ಕೇಳುತ್ತಾಳೆ ಎಂದು ನನಗೆ ಗೊತ್ತಾಯಿತು.

ಆಗ ಹೇಳಿದೆ. "ಆಕಿ ಇಲ್ಲವ್ವಾ. ಊರಾಗ ಭಾಳ ಚಳಿ ಬಿತ್ತು. ಚಳಿಗೆ ಸತ್ತಳು."

ನೀನು ಬರೆದಿದ್ದ ಹಾಗೆಯೇ, ಹೆಚ್ಚು ಮಾತಿಲ್ಲದೆ ಹೇಳಿದೆ. ನನ್ನ ದನಿಯೂ ನಡುಗಲಿಲ್ಲ. ಇನ್ನು ಗೇಟಿನ ಹೊರಗೆ ಬಂದು ನಿಲ್ಲಬೇಡ. ಅವಳ ಕಣ್ಣಿಗೆ ಬಿದ್ದರೆ ಹೆದರಿಕೊಳ್ಳುತ್ತಾಳೆ.

ಹೇಳಿದ ಕೂಡಲೇ ಅವಳು ಬಾಗಿಲ ಕಡೆ ನೋಡಿದಳು. ಆಮೇಲೆ ಅಳಲು ಶುರು ಮಾಡಿದಳು. ಅಂಥ ಅಳುವನ್ನು ನಾನು ಅವಳಲ್ಲಿ ಹಿಂದೆಂದೂ ಕಂಡಿರಲಿಲ್ಲ. ಉಸಿರು ಸಿಕ್ಕಿಕೊಂಡು ತುಟಿ ನೀಲಿಯಾಯಿತು. ಹೊರಗಿದ್ದ ಬಾಯಿ ಓಡಿ ಬಂದರು. ದೀಪಾಲಿ ಅವರ ಮುಖ ನೋಡಿದಳು, ಕೋಣೆಯ ಸುತ್ತ ನೋಡಿದಳು. ಗುರುತಿನವರು ಬೇರೆ ಯಾರೂ ಇರಲಿಲ್ಲ. ನನ್ನ ಹತ್ತಿರ ಬಂದಳು.

ಭೇಟಿ ಮುಗಿಯುವ ತನಕ ನನ್ನ ಮಡಿಲಲ್ಲೇ ಇದ್ದಳು.

ಪಾರವ್ವ